ಕಿರಿದಾದ ರಿಮ್, ದೊಡ್ಡ ಬ್ರೇಕ್: ಡ್ರ್ಯಾಗ್ ರೇಸ್ ಕಾರಿಗೆ ಚಕ್ರ ಆರಿಸುವುದು ಹೇಗೆ?

ಡ್ರ್ಯಾಗ್ ರೇಸಿಗೆಂದು ಅಮೆರಿಕದಿಂದ ತರಿಸಿದ ಎರಡು ರಿಮ್‌ಗಳು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರ ಮೂಲೆಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿಯೇ ಉಳಿದಿದ್ದುದನ್ನು ನಾನು ಕಂಡಿದ್ದೇನೆ. ಕೊಂಡವರು ಅಗಲ ನೋಡಿದ್ದರು, ಬೋಲ್ಟುಗಳ ಅಳತೆ ನೋಡಿದ್ದರು, ತೂಕವನ್ನೂ ವಿಚಾರಿಸಿದ್ದರು; ರಿಮ್‌ನ ಒಳಗೆ ತಮ್ಮ ಕಾರಿನ ಬ್ರೇಕಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಮಾತ್ರ ಅಳೆದಿರಲಿಲ್ಲ. ಅಷ್ಟು ದೂರದಿಂದ ಸುಂಕ ಕಟ್ಟಿ ತರಿಸಿದ ಸರಕನ್ನು ಹಿಂತಿರುಗಿಸುವುದು ಸುಲಭವಲ್ಲ. ಆದ್ದರಿಂದ ಹಣ ಕೊಡುವ ಮೊದಲು ಮಾಡಬೇಕಾದ ಅಳತೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

ಡ್ರ್ಯಾಗ್ ರೇಸೆಂದರೆ ನೇರವಾದ ಹಾದಿಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಅಥವಾ ಅದರ ಅರ್ಧದಷ್ಟು ದೂರವನ್ನು ನಿಂತಲ್ಲಿಂದ ಹೊರಟು ಆದಷ್ಟು ಬೇಗ ಮುಟ್ಟುವ ಪಂದ್ಯ. ಇಲ್ಲಿ ತಿರುವುಗಳಿಲ್ಲದ ಕಾರಣ ಎಂಜಿನ್ನಿನ ಬಲ ತಲುಪದ ಗಾಲಿಗಳಿಗೆ ಅಗಲವಾದ ಟೈರು ಬೇಕಾಗುವುದಿಲ್ಲ. 3.5ರಿಂದ 5 ಇಂಚು ಅಗಲದ ರಿಮ್ ಹಾಕಿದರೆ ತೂಕ ಇಳಿಯುತ್ತದೆ, ತಿರುಗಿಸಬೇಕಾದ ಭಾರ ಕಡಿಮೆಯಾಗುತ್ತದೆ, ಗಾಳಿಯ ತಡೆಯೂ ನೆಲದ ಎಳೆತವೂ ತಗ್ಗುತ್ತವೆ. ಆದರೆ ಗೆರೆ ದಾಟಿದ ಮೇಲೆ ಅದೇ ಕಾರನ್ನು ನಿಲ್ಲಿಸಬೇಕಲ್ಲ! ವೇಗ ಎರಡು ಪಟ್ಟಾದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಕೆನಿಸಿದ ಬ್ರೇಕು 200ರಲ್ಲಿ ಸಾಕಾಗದಿರಬಹುದು. ಇಂದಿನ ಬಲಶಾಲಿ ಕಾರುಗಳಿಗೆ ಕಾರ್ಖಾನೆಯಲ್ಲಿಯೇ ದೊಡ್ಡ ಡಿಸ್ಕ್ (ಗಾಲಿಯೊಂದಿಗೆ ತಿರುಗುವ ಬ್ರೇಕಿನ ತಟ್ಟೆ) ಮತ್ತು ಹಲವು ಪಿಸ್ಟನ್ನುಗಳ ಕ್ಯಾಲಿಪರ್ (ಪ್ಯಾಡುಗಳಿಂದ ಆ ತಟ್ಟೆಯನ್ನು ಹಿಡಿಯುವ ಭಾಗ) ಹಾಕಿ ಕಳುಹಿಸುವುದು ಇದಕ್ಕಾಗಿಯೇ. ಕಿರಿದಾದ ರಿಮ್ ಹೊಂದಲಿಲ್ಲವೆಂದು ಆ ಬ್ರೇಕನ್ನು ಬಿಚ್ಚಿ ಚಿಕ್ಕದನ್ನು ಹಾಕಿಸುವವರಿದ್ದಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಬ್ರೇಕನ್ನು ಇದ್ದಂತೆಯೇ ಇರಿಸಿಕೊಂಡು ಅದಕ್ಕೆ ತಕ್ಕ ರಿಮ್ ಹುಡುಕಬೇಕು.

ಮೊದಲನೆಯ ಹಂತ: ಯಾವ ಗಾಲಿಗೆ?

ಅಮೆರಿಕದ ಬರಹಗಳಲ್ಲಿ ಕಿರಿದಾದ ರಿಮ್ ಸಾಮಾನ್ಯವಾಗಿ ಮುಂದಿನ ಗಾಲಿಗೆಂದೇ ಇರುತ್ತದೆ, ಏಕೆಂದರೆ ಅಲ್ಲಿನ ಡ್ರ್ಯಾಗ್ ಕಾರುಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಗಳಿಂದ ಓಡುವಂಥವು. ನಮ್ಮಲ್ಲಿ ಸ್ವಿಫ್ಟ್, ಪೋಲೊ, ಆಕ್ಟೇವಿಯಾ ಮೊದಲಾದ ಕಾರುಗಳಿಗೆ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುತ್ತದೆ. ಇವುಗಳಲ್ಲಿ ಕಿರಿದಾದ ರಿಮ್ ಹಿಂದಕ್ಕೆ ಹೋಗಬೇಕೇ ಹೊರತು ಮುಂದಕ್ಕಲ್ಲ. ಹಾಗೆ ಹಿಂದಕ್ಕೆ ಹಾಕುವಾಗ ಹ್ಯಾಂಡ್‌ಬ್ರೇಕಿನ ಲಿವರನ್ನೂ ಕೇಬಲ್ಲನ್ನೂ ಹೊತ್ತ ಕ್ಯಾಲಿಪರನ್ನು, ಇಲ್ಲವೇ ಡ್ರಮ್ಮನ್ನು, ಅಳೆಯಬೇಕಾಗುತ್ತದೆ. ನಾಲ್ಕೂ ಗಾಲಿಗಳಿಗೆ ಬಲ ಹೋಗುವ ಕಾರಿಗೆ ಇಂಥ ರಿಮ್ ಹೊಂದುವುದಿಲ್ಲ. ಭಾರತಕ್ಕೆ 2016ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಜಿಟಿ ಹಿಂದಿನ ಗಾಲಿಗಳಿಂದ ಓಡುವ ಕಾರು. ಮುಂದಿನ ಲೆಕ್ಕಗಳಿಗೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಎರಡನೆಯ ಹಂತ: ಬ್ರೇಕನ್ನು ಅಳೆಯುವುದು

ಕಾರನ್ನು ಸಮತಟ್ಟಾದ ನೆಲದಲ್ಲಿ ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿ ಬಿಚ್ಚಿರಿ. ಗಾಲಿ ಬಿಚ್ಚಿದೊಡನೆ ಡಿಸ್ಕ್ ಸಡಿಲವಾಗಿ ಓಲಾಡುವುದರಿಂದ ಎರಡು ನಟ್ಟುಗಳನ್ನು ವಾಷರ್ ಸಮೇತ ಹಾಕಿ ಅದನ್ನು ಹಬ್‌ಗೆ (ಗಾಲಿ ಬಂದು ಕೂರುವ ನಡುಭಾಗಕ್ಕೆ) ಬಿಗಿದ ಮೇಲೆಯೇ ಅಳತೆ ಆರಂಭಿಸಬೇಕು. ಬ್ರೇಕ್ ಪ್ಯಾಡುಗಳು ಹೊಸದಾಗಿರಲಿ. ಇದಕ್ಕೊಂದು ಕಾರಣವಿದೆ: ಜಾರುವ ಬಗೆಯ ಕ್ಯಾಲಿಪರಿನಲ್ಲಿ ಹೊರಗಿನ ಪ್ಯಾಡ್ ಸವೆದಂತೆ ಇಡೀ ಕ್ಯಾಲಿಪರ್ ಕಾರಿನ ಒಳಮುಖವಾಗಿ ಸರಿಯುತ್ತದೆ. ಸವೆದ ಪ್ಯಾಡಿನೊಂದಿಗೆ ಅಳೆದು ರಿಮ್ ತರಿಸಿದರೆ, ಹೊಸ ಪ್ಯಾಡ್ ಹಾಕಿದ ದಿನ ಕ್ಯಾಲಿಪರ್ ಹೊರಗೆ ಬಂದು ಸ್ಪೋಕಿಗೆ ತಾಗಬಹುದು.

ಬೇಕಾದ ಅಳತೆಗಳು ಮೂರು. ಡಿಸ್ಕಿನ ವ್ಯಾಸದ ಅರ್ಧಕ್ಕೆ, ಡಿಸ್ಕಿನ ಅಂಚಿನಿಂದ ಕ್ಯಾಲಿಪರ್ ಎಷ್ಟು ಮೇಲೆದ್ದಿದೆಯೋ ಅದನ್ನು ಕೂಡಿಸಿದರೆ ಹಬ್‌ನ ನಡುವಿನಿಂದ ಕ್ಯಾಲಿಪರಿನ ತುದಿಯವರೆಗಿನ ಎತ್ತರ ಸಿಗುತ್ತದೆ, ಇದು ಮೊದಲನೆಯದು. ಅತಿ ದೂರದ ಬಿಂದು ಕ್ಯಾಲಿಪರಿನ ಬೆನ್ನಿನ ನಡುವೆಯೇ ಇರಬೇಕೆಂದಿಲ್ಲ, ದೊಡ್ಡ ಕ್ಯಾಲಿಪರುಗಳಲ್ಲಿ ಅದು ಮೂಲೆಗಳಲ್ಲಿರುವುದೂ ಉಂಟು, ಆದ್ದರಿಂದ ಉದ್ದಕ್ಕೂ ಅಳೆಯಿರಿ. ನಂತರ ನೇರವಾದ ಉಕ್ಕಿನ ಪಟ್ಟಿಯೊಂದನ್ನು ಕ್ಯಾಲಿಪರಿನ ಹೊರಮುಖಕ್ಕೆ ಅಡ್ಡಲಾಗಿ ಹಿಡಿದು, ರಿಮ್ ಬಂದು ಕೂರುವ ಹಬ್‌ನ ಮುಖಕ್ಕೂ ಆ ಪಟ್ಟಿಗೂ ಇರುವ ಅಂತರವನ್ನು ವರ್ನಿಯರಿನಿಂದ ಅಳೆಯಿರಿ. ಕ್ಯಾಲಿಪರ್ ಸ್ಪೋಕುಗಳ ಕಡೆಗೆ ಎಷ್ಟು ಚಾಚಿದೆ ಎಂಬುದನ್ನು ಇದು ತಿಳಿಸುತ್ತದೆ. ಮೂರನೆಯದು ಹಬ್‌ನ ಮುಖದಿಂದ ಕ್ಯಾಲಿಪರ್ ಕಾರಿನ ಒಳಮುಖವಾಗಿ ಎಷ್ಟು ದೂರ ಹೋಗಿದೆ ಎಂಬುದು.

ಈ ಮೂರರ ಜೊತೆಗೆ ಗಟ್ಟಿಯಾದ ರಟ್ಟಿನಲ್ಲಿ ಕ್ಯಾಲಿಪರಿನ ಅಡ್ಡನೋಟವನ್ನು ಪಡಿಯಚ್ಚಿನಂತೆ ಕತ್ತರಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ವಿಲ್‌ವುಡ್‌ನಂಥ ಬ್ರೇಕ್ ತಯಾರಕರು ತಮ್ಮ ಕ್ಯಾಲಿಪರುಗಳಿಗೆ ಇಂಥ ನಕ್ಷೆಯನ್ನು ತಾವೇ ಒದಗಿಸುತ್ತಾರೆ. ಅದನ್ನು ಮುದ್ರಿಸುವಾಗ ಅಳತೆ ಹಿಗ್ಗಿಲ್ಲ, ಕುಗ್ಗಿಲ್ಲ ಎಂಬುದನ್ನು ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು.

ಮೂರನೆಯ ಹಂತ: ರಿಮ್‌ನ ಒಳಗಿನ ಜಾಗ

ಎಲ್ಲರೂ ಎಡವುವುದು ಇಲ್ಲಿಯೇ. 17 ಇಂಚಿನ ರಿಮ್ ಎಂದರೆ ಟೈರಿನ ಬೀಡ್ (ಒಳಅಂಚು) ಕೂರುವ ಜಾಗದ ವ್ಯಾಸ 436.6 ಮಿ.ಮೀ. ಎಂದರ್ಥವೇ ಹೊರತು ಒಳಗೆ ಬ್ರೇಕಿಗೆ ಅಷ್ಟು ಜಾಗವಿದೆ ಎಂದಲ್ಲ. ಟೈರನ್ನು ಹಾಕಿ ತೆಗೆಯಲು ಅನುಕೂಲವಾಗಲೆಂದು ರಿಮ್‌ನ ಸುತ್ತಲೂ ಒಂದು ತಗ್ಗು ಇರುತ್ತದೆ. ಹೊರಗಿನಿಂದ ತಗ್ಗಾಗಿ ಕಾಣುವ ಅದು ಒಳಗಿನಿಂದ ಉಬ್ಬು. ಕ್ಯಾಲಿಪರಿಗೆ ಮೊದಲು ತಾಗುವುದು ಆ ಉಬ್ಬೇ. ಒಂಬತ್ತು ಇಂಚು ಅಗಲದ ರಿಮ್‌ನಲ್ಲಿ ಈ ಉಬ್ಬನ್ನು ಒಂದು ಬದಿಗೆ ಸರಿಸಿ ಕ್ಯಾಲಿಪರಿಗೆ ಸಮತಟ್ಟಾದ ಜಾಗ ಬಿಡಲು ತಯಾರಕರಿಗೆ ಅವಕಾಶವಿರುತ್ತದೆ. ನಾಲ್ಕೂವರೆ ಇಂಚಿನಲ್ಲಿ ಆ ಅವಕಾಶ ಬಹಳ ಕಡಿಮೆಯಾದ್ದರಿಂದ ಉಬ್ಬು ಹೆಚ್ಚಾಗಿ ಕ್ಯಾಲಿಪರಿನ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. ಒಂದೇ ವ್ಯಾಸದ ಅಗಲವಾದ ರಿಮ್ ಹೊಂದಿದ ಕಾರಿಗೆ ಕಿರಿದಾದ ರಿಮ್ ಹೊಂದದಿರುವುದಕ್ಕೆ ಇದೇ ಮುಖ್ಯ ಕಾರಣ.

ಲೆಕ್ಕ ಹಾಕಿ ನೋಡೋಣ. 2015ರ ನಂತರದ ಮಸ್ಟಾಂಗ್ ಜಿಟಿಯ ಸಾಮಾನ್ಯ ಮಾದರಿಯಲ್ಲಿ ಮುಂದಿನ ಡಿಸ್ಕಿನ ವ್ಯಾಸ 352 ಮಿ.ಮೀ.; ಅದರ ಅರ್ಧ 176. ಕ್ಯಾಲಿಪರ್ ಅದರ ಮೇಲೆ 24 ಮಿ.ಮೀ. ಎದ್ದಿದೆ ಎಂದುಕೊಂಡರೆ ಎತ್ತರ 200 ಆಗುತ್ತದೆ. ಕನಿಷ್ಠ 3 ಮಿ.ಮೀ. ಸಂದು ಬಿಡಬೇಕಾದ್ದರಿಂದ ರಿಮ್‌ನ ಒಳಗೆ ನಮಗೆ ಬೇಕಾದ ತ್ರಿಜ್ಯ 203. ಈಗ 17 ಇಂಚಿನ ರಿಮ್: ಬೀಡ್ ಕೂರುವಲ್ಲಿ ತ್ರಿಜ್ಯ 218, ತಗ್ಗಿನ ಆಳ ಸುಮಾರು 17, ಲೋಹದ ದಪ್ಪ 5 ಎಂದು ಕಳೆದರೆ ಉಬ್ಬಿನ ಬಳಿ ಉಳಿಯುವುದು 196 ಮಾತ್ರ. ಅಂದರೆ ಉಬ್ಬಿನ ಕೆಳಗೆ ಕ್ಯಾಲಿಪರ್ ಹಿಡಿಸುವುದಿಲ್ಲ, ಉಬ್ಬು ಅದರಿಂದ ಬದಿಗೆ ಸರಿದಿದ್ದರೆ ಹಿಡಿಸುತ್ತದೆ. 18 ಇಂಚಿನ ರಿಮ್‌ನಲ್ಲಿ ಬೀಡಿನ ತ್ರಿಜ್ಯ 231 ಇರುವುದರಿಂದ ಉಬ್ಬಿನ ಬಳಿಯೂ 209 ಸಿಗುತ್ತದೆ. ಎತ್ತರದ ಚಿಂತೆಯೇ ಇರುವುದಿಲ್ಲ. ಅದೇ ಕಾರಿನ ಪರ್ಫಾರ್ಮೆನ್ಸ್ ಪ್ಯಾಕ್ ಮಾದರಿಯಲ್ಲಿ ಆರು ಪಿಸ್ಟನ್ನಿನ ಬ್ರೆಂಬೊ ಕ್ಯಾಲಿಪರ್ ಮತ್ತು 380 ಮಿ.ಮೀ. ಡಿಸ್ಕ್ ಇರುತ್ತವೆ. ಕ್ಯಾಲಿಪರ್ ಅಷ್ಟೇ ಎದ್ದಿದೆ ಎಂದುಕೊಂಡರೂ ಬೇಕಾಗುವ ತ್ರಿಜ್ಯ 217. ಆಗ 18 ಇಂಚಿನಲ್ಲಿಯೂ ಉಬ್ಬಿನ ಸ್ಥಾನವನ್ನು ನೋಡಿಯೇ ಕೊಳ್ಳಬೇಕಾಗುತ್ತದೆ. ಡ್ರ್ಯಾಗ್ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 15 ಇಂಚಿನ ರಿಮ್‌ನ ಬೀಡಿನ ವ್ಯಾಸ 380.2 ಮಿ.ಮೀ.; ಈ ಡಿಸ್ಕೊಂದೇ ಅಷ್ಟಿದೆ.

ತಗ್ಗಿನ ಆಳ ಮತ್ತು ಲೋಹದ ದಪ್ಪ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಮೇಲಿನ ಲೆಕ್ಕವನ್ನು ದಿಕ್ಕು ತೋರಿಸುವುದಕ್ಕೆ ಮಾತ್ರ ಬಳಸಿಕೊಳ್ಳಿ. ಮಾರುವವರಿಂದ ರಿಮ್‌ನ ಅಡ್ಡಕೊಯ್ತದ ನಕ್ಷೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. “ಆಗುತ್ತೆ ಸಾರ್, ಎಲ್ಲರೂ ಹಾಕಿಸ್ತಾರೆ” ಎಂಬ ಬಾಯಿಮಾತನ್ನು ನಂಬಿ ಹಣ ಕಳುಹಿಸಬೇಡಿ.

ನಾಲ್ಕನೆಯ ಹಂತ: ಸ್ಪೋಕ್ ಮತ್ತು ಬ್ಯಾಕ್‌ಸ್ಪೇಸ್

ರಿಮ್‌ನ ಒಳಅಂಚಿನಿಂದ ಹಬ್‌ಗೆ ಕೂರುವ ಮುಖದವರೆಗಿನ ದೂರವನ್ನು ಬ್ಯಾಕ್‌ಸ್ಪೇಸ್ ಎನ್ನುತ್ತಾರೆ. ಡ್ರ್ಯಾಗ್ ರಿಮ್‌ಗಳನ್ನು ಹೆಚ್ಚಾಗಿ ಈ ಲೆಕ್ಕದಲ್ಲಿಯೇ ಮಾರುತ್ತಾರೆ. ನಮ್ಮ ಅಲಾಯ್ ವೀಲ್ ಅಂಗಡಿಗಳಲ್ಲಿ ಬಳಸುವ ಆಫ್‌ಸೆಟ್ಟಿಗೆ, ಅಂದರೆ ರಿಮ್‌ನ ಅಗಲದ ನಡುಗೆರೆಯಿಂದ ಆ ಮುಖಕ್ಕಿರುವ ದೂರಕ್ಕೆ, ಇದನ್ನು ಬದಲಿಸಿಕೊಳ್ಳುವುದು ಕಷ್ಟವಲ್ಲ. 4.5 ಇಂಚಿನ ರಿಮ್‌ನ ಎರಡೂ ಅಂಚುಗಳನ್ನು ಸೇರಿಸಿದರೆ ಒಟ್ಟು ಅಗಲ ಸುಮಾರು 5.5 ಇಂಚು, ಅದರ ಅರ್ಧ 2.75. ಬ್ಯಾಕ್‌ಸ್ಪೇಸ್ 2.25 ಇಂಚಿದ್ದರೆ ಆಫ್‌ಸೆಟ್ ಅರ್ಧ ಇಂಚಿನಷ್ಟು ಋಣ, ಅಂದರೆ ಸುಮಾರು ಮೈನಸ್ 13 ಮಿ.ಮೀ. ಬ್ಯಾಕ್‌ಸ್ಪೇಸ್ ಕಡಿಮೆಯಾದಷ್ಟೂ ರಿಮ್ ಕಾರಿನಿಂದ ಹೊರಗೆ ಸರಿಯುತ್ತದೆ, ಸ್ಟಿಯರಿಂಗಿನ ಭಾರವೂ ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತವೆ. ಕ್ಯಾಲಿಪರಿನ ಒಳಭಾಗ ಕಿರಿದಾದ ರಿಮ್‌ನಿಂದ ಹೊರಗೆ ಇಣುಕುವುದು ಸಹಜ, ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಸ್ಪೋಕಿನ ಕಡೆ.

ಎರಡು ರಿಮ್‌ಗಳ ಬ್ಯಾಕ್‌ಸ್ಪೇಸ್ ಒಂದೇ ಇದ್ದರೂ ಒಂದರ ಸ್ಪೋಕುಗಳು ಹೊರಕ್ಕೆ ಬಾಗಿರಬಹುದು, ಇನ್ನೊಂದರವು ಚಪ್ಪಟೆಯಾಗಿರಬಹುದು. ಒಂದೇ ವಿನ್ಯಾಸವನ್ನು ಬ್ರೇಕಿಗೆ ಹೆಚ್ಚು ಜಾಗ ಬಿಡುವ ಬೇರೆ ಬೇರೆ ರೂಪಗಳಲ್ಲಿ ತಯಾರಿಸುವ ಕಂಪನಿಗಳೂ ಇವೆ. ಎರಡನೆಯ ಹಂತದಲ್ಲಿ ಅಳೆದ ಹೊರಚಾಚನ್ನು ಇಲ್ಲಿ ಹೋಲಿಸಿ, ಇಲ್ಲಿಯೂ ಕನಿಷ್ಠ 3 ಮಿ.ಮೀ. ಬಿಡಿ. ಸ್ವಲ್ಪವೇ ಕೊರತೆ ಬಿದ್ದರೆ ಹಬ್‌ಗೂ ರಿಮ್‌ಗೂ ನಡುವೆ ತೆಳುವಾದ ಸ್ಪೇಸರ್ (ಅಂತರ ಹೆಚ್ಚಿಸುವ ಬಿಲ್ಲೆ) ಹಾಕಬಹುದು. ಕ್ಯಾಲಿಪರನ್ನೋ ರಿಮ್‌ನ ಒಳಮೈಯನ್ನೋ ಗ್ರೈಂಡರಿನಿಂದ ಸವೆಸಿ ಜಾಗ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಬ್ರೇಕ್ ಒತ್ತಿದಾಗಿನ ಬಲವನ್ನೆಲ್ಲ ಹೊರುವುದು ಆ ಲೋಹವೇ.

ಐದನೆಯ ಹಂತ: ಹಬ್, ಸ್ಟಡ್, ನಟ್

ಮಸ್ಟಾಂಗಿಗೆ ಐದು ಸ್ಟಡ್‌ಗಳು (ನಟ್ ಹಾಕಲು ಹಬ್‌ನಿಂದ ಹೊರಚಾಚಿದ ತಿರುಪು ಕಂಬಿಗಳು) 114.3 ಮಿ.ಮೀ. ವೃತ್ತದಲ್ಲಿರುತ್ತವೆ, ಹಬ್‌ನ ನಡುವಿನ ದುಂಡನೆಯ ಚಾಚಿನ ವ್ಯಾಸ 70.5, ಆಕ್ಟೇವಿಯಾಕ್ಕೆ ಐದು ಬೋಲ್ಟು, 112 ಮತ್ತು 57.1, ಸ್ವಿಫ್ಟಿಗೆ ನಾಲ್ಕು, 100 ಮತ್ತು 54.1. ರಿಮ್‌ನ ನಡುವಿನ ರಂಧ್ರ ಅದಕ್ಕಿಂತ ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಬೇಕಾಗುತ್ತದೆ. ಮೈಸೂರು, ಮಂಡ್ಯಗಳ ಒಳ್ಳೆಯ ಲೇತ್ ಅಂಗಡಿಯಲ್ಲಿ ಅದನ್ನು ಅಲ್ಯೂಮಿನಿಯಮ್ಮಿನಲ್ಲಿ ಅಚ್ಚುಕಟ್ಟಾಗಿ ಕಡೆಸಿಕೊಳ್ಳಬಹುದು.

ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಉದ್ದಕ್ಕೆ ಹಿಡಿದಿರಬೇಕು ಎಂಬುದು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎಯ ನಿಯಮ, ಎಲ್ಲಿಯೇ ಆದರೂ ಪಾಲಿಸಬೇಕಾದದ್ದು. ಮಸ್ಟಾಂಗಿನ ಸ್ಟಡ್ 14 ಮಿ.ಮೀ. ದಪ್ಪ, ತಿರುಪಿನ ಎಳೆಗಳ ನಡುವಿನ ಅಂತರ 1.5 ಮಿ.ಮೀ., ಹಾಗಾಗಿ ನಟ್ ಬಿಗಿಯುವ ಮೊದಲು ಹತ್ತು ಪೂರ್ತಿ ಸುತ್ತಾದರೂ ತಿರುಗಬೇಕು. ಕೈಯಿಂದ ತಿರುಗಿಸುತ್ತ ಎಣಿಸಿ. ಸ್ಪೇಸರ್ ಹಾಕಿದ ಮೇಲೆ ಸುತ್ತು ಕಡಿಮೆಯಾದರೆ ಉದ್ದನೆಯ ಸ್ಟಡ್ ಹಾಕಿಸದೆ ಮುಂದುವರಿಯಬಾರದು. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಮೂಲ ಬೋಲ್ಟಿನ ತಲೆಯಡಿ ಗುಂಡಾಗಿರುತ್ತದೆ, ಹೊರಗಿನ ರಿಮ್‌ಗಳು ಹೆಚ್ಚಾಗಿ ಶಂಕುವಿನಾಕಾರದ್ದನ್ನು ಕೇಳುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಅದು ಸಡಿಲವಾಗುತ್ತದೆ.

ಆರನೆಯ ಹಂತ: ಹಾಕಿ ನೋಡುವುದು

ರಿಮ್ ಬಂದ ಮೇಲೆ ಟೈರು ಹಾಕಿಸುವ ಮೊದಲೇ ಹಬ್‌ಗೆ ಕೂರಿಸಿ. ಟೈರು ಹಾಕಿದ ರಿಮ್ಮನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳು ಗೊಂಬೆ ಮಾಡುವ ಬಣ್ಣದ ಕ್ಲೇಯನ್ನು ಕ್ಯಾಲಿಪರಿನ ನೆತ್ತಿಗೂ ಹೊರಮುಖಕ್ಕೂ ಮೆತ್ತಿ, ಎಲ್ಲ ನಟ್ಟುಗಳನ್ನು ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ ಬಿಚ್ಚಿರಿ. ಒತ್ತಿ ತೆಳುವಾಗಿ ಉಳಿದ ಕ್ಲೇಯ ದಪ್ಪವೇ ನಿಮ್ಮ ನಿಜವಾದ ಸಂದು. ಸ್ಟಿಯರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಟೈ ರಾಡ್ ತುದಿಯೂ ಬಾಲ್ ಜಾಯಿಂಟೂ ರಿಮ್‌ಗೆ ತಾಗುತ್ತಿಲ್ಲವೆಂದು ನೋಡಿರಿ.

ಟೈರು ಹಾಕಿಸಿ ಬ್ಯಾಲೆನ್ಸ್ ಮಾಡಿಸುವಾಗ ಒಂದು ಎಚ್ಚರಿಕೆ ಬೇಕು. ನಾವು ಇಷ್ಟೆಲ್ಲ ಅಳೆದು ತರಿಸಿದ ರಿಮ್ ಕೈಯಲ್ಲಿ ಸರಾಗವಾಗಿ ತಿರುಗಿತ್ತು. ಆದರೆ ಕಾರನ್ನು ಟ್ರೇಲರಿಗೆ ಹತ್ತಿಸುವಾಗ ಮುಂದಿನ ಗಾಲಿಯಿಂದ ಸುತ್ತಿಗೊಂದರಂತೆ ಟಕ್ ಎಂಬ ಸದ್ದು ಬಂತು. ಬ್ಯಾಲೆನ್ಸ್ ಮಾಡಿದವರು ಸೀಸದ ತುಂಡುಗಳನ್ನು ಕ್ಯಾಲಿಪರಿನ ನೆತ್ತಿಗೆ ನೇರವಾಗಿ ಉಬ್ಬಿನ ಮೇಲೆಯೇ ಅಂಟಿಸಿದ್ದರು. 3 ಮಿ.ಮೀ. ಸಂದಿನಲ್ಲಿ 4 ಮಿ.ಮೀ. ದಪ್ಪದ ತುಂಡು ಹಿಡಿಸುವುದಾದರೂ ಹೇಗೆ? ಆ ದಿನ ಪಂದ್ಯಕ್ಕೆ ಹೋಗುವುದನ್ನೇ ಕೈಬಿಟ್ಟೆವು. ತೂಕದ ತುಂಡುಗಳನ್ನು ಎಲ್ಲಿ ಅಂಟಿಸಬಾರದೆಂದು ರಿಮ್‌ನ ಒಳಗೆ ಸೀಮೆಸುಣ್ಣದಿಂದ ಗೆರೆ ಎಳೆದು ಕೊಡಿ.

ಇಂಥ ಚಕ್ರ ಹಾಕಿದ ಕಾರು ರಸ್ತೆಗೆ ಇಳಿಯಬಾರದು. ಕಿರಿದಾದ ಮುಂದಿನ ಟೈರಿಗೆ ತಿರುವಿನಲ್ಲಿಯೂ ಮಳೆಯಲ್ಲಿಯೂ ಹಿಡಿತ ಸಾಲದು, ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಬೇಗ ಜಾರುತ್ತದೆ. ಬ್ರೇಕ್ ಎಷ್ಟೇ ದೊಡ್ಡದಿದ್ದರೂ ಕೊನೆಗೆ ನಿಲ್ಲಿಸಬೇಕಾದದ್ದು ಟೈರೇ. ಮೈಸೂರಿನ ವರ್ತುಲ ರಸ್ತೆಯಲ್ಲಿಯೋ ಬೆಂಗಳೂರು ಹೆದ್ದಾರಿಯಲ್ಲಿಯೋ ಓಟಕ್ಕಿಳಿಯುವುದು ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ ರಸ್ತೆಗಳಲ್ಲಿ ನಮ್ಮ ಮನೆಯವರೇ ಓಡಾಡುತ್ತಾರೆ. ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆ ಪಡೆದ ಪಂದ್ಯಗಳಿಗೆ ಕಾರನ್ನು ಟ್ರೇಲರಿನಲ್ಲಿ ಒಯ್ದು, ಅಲ್ಲಿ ಚಕ್ರ ಬದಲಿಸಿ, ತಪಾಸಣೆ ಮಾಡಿಸಿಕೊಂಡು ಓಡಿಸಬೇಕು.

ಮೊದಲ ಓಟ ಮುಗಿದೊಡನೆ ನಟ್ಟುಗಳ ಬಿಗಿತವನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿರಿ. ಬ್ರೇಕ್ ಆರಿದ ಮೇಲೆ ರಿಮ್ ಬಿಚ್ಚಿ, ಒಳಮೈಯಲ್ಲಿಯೂ ಕ್ಯಾಲಿಪರಿನ ಬಣ್ಣದಲ್ಲಿಯೂ ಹೊಸದಾಗಿ ಹೊಳೆಯುವ ಗೀರು ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿರಿ. ಕೂದಲೆಳೆಯಷ್ಟು ಗೀರು ಕಂಡರೂ ಎರಡನೆಯ ಓಟಕ್ಕೆ ಹೋಗಬೇಡಿ.