ಅಟ್ಟದ ಮೇಲಿನ ಸದ್ದು: ನಮ್ಮ ಎರಡು ನಿಮಿಷದ ಹಾರರ್

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಐದನೇ ಸೆಮಿಸ್ಟರ್‌ನಲ್ಲಿ ವಿಡಿಯೊ ತಯಾರಿಕೆಯ ಒಂದು ಪೇಪರ್ ಇತ್ತು. ಅದಕ್ಕೆ ಮೇಡಂ ಕೊಟ್ಟ ಕೆಲಸ ಇಷ್ಟು: ನಾಲ್ಕು ಜನರ ಗುಂಪು, ಒಂದು ಸಿನಿಮಾದ ಮೊದಲ ಎರಡು ನಿಮಿಷ. ಪೂರ್ತಿ ಕಥೆ ಬೇಡ. ಟೈಟಲ್ ಇರಬೇಕು, ಹೆಸರುಗಳು ಬರಬೇಕು, ನೋಡಿದವರಿಗೆ ಮುಂದೇನು ಅನಿಸಬೇಕು. ನಾವು ಹಾರರ್ ಆರಿಸಿಕೊಂಡೆವು.

ಮೊದಲು ಮಾಡಿದ್ದು ಹುಣಸೆ ಮರದ ದೆವ್ವ. ನಮ್ಮ ಜಿಲ್ಲೆಯಲ್ಲಿ ಹುಣಸೆ ಮರಕ್ಕೇನು ಬರ? ಊರಾಚೆ ಒಂದು ತೋಪಿಗೆ ರಾತ್ರಿ ಹೋದೆವು. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ಎಲ್ಲ ಇತ್ತು. ಭಯ ಮಾತ್ರ ಇರಲಿಲ್ಲ. ಇಪ್ಪತ್ತನೇ ಸೆಕೆಂಡಿಗೇ ದೆವ್ವ ಬಂದು ನಿಂತುಬಿಡುತ್ತಿತ್ತು. ಆಮೇಲೆ ನೂರು ಸೆಕೆಂಡು ನೋಡುವವರಿಗೆ ಕಾಯೋದಕ್ಕೆ ಏನೂ ಉಳಿದಿರಲಿಲ್ಲ. ಮೇಡಂ ಪೂರ್ತಿ ನೋಡಿದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಈ ಜಾಗದಲ್ಲಿ ಹಗಲು ಹೊತ್ತು ಏನು ನಡೆಯುತ್ತೆ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ತೋಪು ಯಾರದ್ದು, ಹಣ್ಣು ಯಾವಾಗ ಉದುರಿಸುತ್ತಾರೆ, ಯಾರು ಬರುತ್ತಾರೆ, ಏನೂ ಗೊತ್ತಿಲ್ಲ. ಬಸ್ಸಲ್ಲಿ ವಾಪಸ್ ಬರುವಾಗಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಹಗಲು ಏನು ನಡೆಯುತ್ತೆ ಅಂತ ನನಗೆ ಚೆನ್ನಾಗಿ ಗೊತ್ತಿರುವ ಜಾಗ ಯಾವುದು? ಅಜ್ಜಿ ಮನೆ.

ಅಜ್ಜಿ ಊರು ತಿಪಟೂರಿನ ಹತ್ತಿರ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್. ಆ ಕಡೆಯ ಹಳೇ ಮನೆಗಳನ್ನು ನೋಡಿದವರಿಗೆ ಅಟ್ಟ ಗೊತ್ತಿರುತ್ತೆ. ತೆಂಗಿನಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರುತ್ತೆ. ಒಳಗಿನ ನೀರು ನಿಧಾನವಾಗಿ ಹಿಂಗುತ್ತೆ. ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಅದೇ ಉಂಡೆ ಕೊಬ್ಬರಿ. ಒಣಗಿದೆಯೋ ಇಲ್ಲವೋ ತಿಳಿಯೋದು ಕಣ್ಣಿನಿಂದಲ್ಲ, ಕಿವಿಯಿಂದ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಳುಕು ಕುಳುಕು ಅನ್ನುತ್ತೆ. ಒಣಗಿದ್ದರೆ ಒಳಗೆ ಉಂಡೆ ಚಿಪ್ಪಿಗೆ ಬಡಿದು ಗುಡು ಗುಡು ಅನ್ನುತ್ತೆ. ಅಜ್ಜಿ ಅಟ್ಟದ ಮೇಲೆ ಕೂತು ಅಲ್ಲಾಡಿಸಿ, ಒಣಗಿದ್ದು ಒಂದು ಕಡೆ, ನೀರಿರೋದು ಒಂದು ಕಡೆ ಉರುಳಿಸುತ್ತಿದ್ದಳು. ಚಿಕ್ಕವನಿದ್ದಾಗ ಆ ಸದ್ದು ಕೇಳುತ್ತಲೇ ಕೆಳಗೆ ಚಾಪೆ ಮೇಲೆ ನಿದ್ದೆ ಮಾಡಿದ್ದೇನೆ.

ಇದನ್ನು ಗೆಳೆಯರಿಗೆ ಹೇಳುತ್ತಿದ್ದ ಹಾಗೇ ಕಥೆ ಹುಟ್ಟಿತು. ಹಗಲು ಅಜ್ಜಿ ಕಾಯಿ ಆರಿಸುತ್ತಾಳೆ. ಮೊಮ್ಮಗಳು ಕೆಳಗಿನಿಂದ ನೋಡುತ್ತಾಳೆ. ರಾತ್ರಿ ಇಬ್ಬರೂ ಮಲಗಿದ್ದಾರೆ. ಅಟ್ಟದಿಂದ ಅದೇ ಸದ್ದು ಬರುತ್ತೆ. ಅಲ್ಲಾಡಿಸೋದು, ಒಂದು ಕ್ಷಣ ಸುಮ್ಮನಾಗೋದು, ಉರುಳಿಸೋದು. ಇಲಿ ಓಡಿದರೆ ಹಾಗೆ ಕೇಳಿಸಲ್ಲ. ಯಾರೋ ಕೂತು ಆರಿಸುತ್ತಿದ್ದಾರೆ. ಅಷ್ಟೇ. ದೆವ್ವವನ್ನು ತೋರಿಸೋದೇ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆವು.

ದಸರಾ ರಜೆಯಲ್ಲಿ ನಾಲ್ಕೂ ಜನ ಹೋದೆವು. ಚಿಕ್ಕಪ್ಪನ ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳೇ ಮೊಮ್ಮಗಳು. ಅಜ್ಜಿ ಪಾತ್ರಕ್ಕೆ ಅಜ್ಜಿ. ಕ್ಯಾಮೆರಾ ಅಂದರೆ ಎರಡು ಮೊಬೈಲ್ ಮತ್ತು ಒಂದು ಹಳೇ ಟ್ರೈಪಾಡ್. ಹೋಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಒಂದೊಂದು ಶಾಟ್ ಬರೆದಿದ್ದೆವು, 22 ಆಗಿತ್ತು. ಮನೆ ಒಳಗೆ ನಿಂತು ನೋಡಿದ ಮೇಲೆ 13ಕ್ಕೆ ಇಳಿಸಿದೆವು. ಎರಡು ನಿಮಿಷಕ್ಕೆ ಅದೇ ಸಾಕು.

ಬೆಳಕಿನ ವಿಷಯದಲ್ಲಿ ಹುಣಸೆ ತೋಪಿನ ತಪ್ಪು ಪಾಠ ಕಲಿಸಿತ್ತು. ರಾತ್ರಿ ದೃಶ್ಯ ಅಂತ ನಿಜವಾಗಿಯೂ ಕತ್ತಲಲ್ಲಿ ತೆಗೆದರೆ, ಮೊಬೈಲ್ ತಾನೇ ಐಎಸ್‌ಓ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿಬಿಡುತ್ತೆ. ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತೆ. ಈ ಸಲ ಮ್ಯಾನ್ಯುಯಲ್ ಆಪ್ ಹಾಕಿಕೊಂಡು ಐಎಸ್‌ಓ 400 ದಾಟಲು ಬಿಡಲಿಲ್ಲ. ಕೋಣೆಗೆ ಬೇಕಾದಷ್ಟು ಬೆಳಕು ಕೊಟ್ಟು ತೆಗೆದು, ಆಮೇಲೆ ಎಡಿಟಿಂಗ್‌ನಲ್ಲಿ ಕತ್ತಲು ಮಾಡಿ ಸ್ವಲ್ಪ ನೀಲಿ ಸೇರಿಸಿದೆವು. ಮನೆಯ ಹೊರಗಿನ ಶಾಟ್ ಮಾತ್ರ ಮುಸ್ಸಂಜೆಯಲ್ಲಿ ತೆಗೆದದ್ದು. ಸೂರ್ಯ ಮುಳುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಆಕಾಶದಲ್ಲಿ ಬೆಳಕು ಉಳಿದಿರುತ್ತೆ, ತೆಂಗಿನ ಮರ ಕಪ್ಪಗೆ ಕಾಣುತ್ತೆ. ಅಷ್ಟರಲ್ಲೇ ಮುಗಿಸಬೇಕು. ನಮಗೆ ಸಿಕ್ಕಿದ್ದು ಮೂರು ಟೇಕ್.

ಇನ್ನೊಂದು ತೊಂದರೆ ಪಟ್ಟಿ ಪಟ್ಟಿಯಾಗಿ ಮಿನುಗೋದು. ಎಲ್‌ಇಡಿ ಬಲ್ಬ್ ಕೆಳಗೆ ತೆಗೆದ ಶಾಟ್‌ನಲ್ಲಿ ಕಪ್ಪು ಗೆರೆಗಳು ತೇಲುತ್ತಿದ್ದವು. ಮೊಬೈಲ್ ಕೆಟ್ಟಿದೆ ಅಂದುಕೊಂಡಿದ್ದೆ. ಕಾರಣ ಕರೆಂಟು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತೆ. ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು, 1/50 ಸೆಕೆಂಡು ಮಾಡಿದ ತಕ್ಷಣ ಗೆರೆಗಳು ಹೋದವು.

ಅಟ್ಟದ ನೆಲ ಅಡಿಕೆ ದಬ್ಬೆಯದು, ಸಂದು ಸಂದು. ಮೇಲೆ ಒಂದು ಟಾರ್ಚ್ ಇಟ್ಟರೆ ಕೆಳಗೆ ಗೋಡೆ ಮೇಲೆ, ಹಾಸಿಗೆ ಮೇಲೆ ಬೆಳಕು ಗೆರೆ ಗೆರೆಯಾಗಿ ಬೀಳುತ್ತೆ. ಇದನ್ನು ನಾವು ಯೋಚಿಸಿರಲಿಲ್ಲ. ಗೆಳೆಯ ಮೇಲೆ ಹತ್ತಿ ಟಾರ್ಚ್ ದಾಟಿ ಹೋದ. ಕೆಳಗೆ ಒಂದೊಂದೇ ಗೆರೆ ಆರಿ ಮತ್ತೆ ಹತ್ತಿತು. ನಾವು ಮೂರು ಜನ ಒಟ್ಟಿಗೆ "ಇದೇ, ಇದೇ" ಅಂತ ಕೂಗಿದೆವು. ಸಿನಿಮಾದಲ್ಲಿ ಅಟ್ಟದ ಮೇಲೆ ಯಾರೋ ಇದ್ದಾರೆ ಅಂತ ಕಣ್ಣಿಗೆ ಕಾಣೋದು ಅಷ್ಟು ಮಾತ್ರ. ಹಳೇ ದಬ್ಬೆ ಮೇಲೆ ಓಡಾಡುವ ಮುಂಚೆ ಚಿಕ್ಕಪ್ಪನನ್ನು ಕರೆದು ಎಲ್ಲಿ ಕಾಲಿಡಬಹುದು ಅಂತ ತೋರಿಸಿಕೊಂಡಿದ್ದೆವು. ಏಣಿಯನ್ನು ಯಾವಾಗಲೂ ಒಬ್ಬರು ಹಿಡಿದಿರಬೇಕು ಅಂತ ಮಾತಾಗಿತ್ತು. ಶಾಟ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಬಿಡಬೇಡಿ.

ಇನ್ನು ಸದ್ದು. ನಮ್ಮ ಸಮಯ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಇಲ್ಲೇ.

ಕ್ಯಾಮೆರಾ ಇಟ್ಟ ಮೊಬೈಲಿನಲ್ಲಿ ಬಂದ ಸದ್ದು ಯಾವುದಕ್ಕೂ ಬರಲಿಲ್ಲ. ಮೊಬೈಲ್ ಮಾತನ್ನು ಎತ್ತಿ ಹಿಡಿದು ಉಳಿದಿದ್ದನ್ನು ಗದ್ದಲ ಅಂತ ಒತ್ತಿಬಿಡುತ್ತೆ. ನಮಗೆ ಬೇಕಿದ್ದದ್ದೇ ಆ ಉಳಿದಿದ್ದು. ಎರಡನೇ ಮೊಬೈಲಿನಲ್ಲಿ ಸದ್ದನ್ನು ಕುಗ್ಗಿಸದೆ ಹಾಗೇ ಉಳಿಸುವ ವೇವ್ ಫೈಲ್ ಮಾಡುವ ರೆಕಾರ್ಡರ್ ಹಾಕಿ, ನಾಯ್ಸ್ ಕಡಿಮೆ ಮಾಡುವ ಸೆಟಿಂಗ್ ತೆಗೆದು, ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಕಾಯಿಗೆ ಒಂದು ಗೇಣು ದೂರದಲ್ಲಿ ಹಿಡಿದೆವು. ಪ್ರತಿ ಟೇಕಿಗೂ ಮುಂಚೆ ಒಂದು ಚಪ್ಪಾಳೆ. ಎರಡೂ ಫೈಲ್‌ನಲ್ಲಿ ಆ ಚಪ್ಪಾಳೆಯ ಮೊನೆ ಹುಡುಕಿ ಜೋಡಿಸಿದರೆ ಚಿತ್ರ, ಸದ್ದು ಕೂಡಿಕೊಳ್ಳುತ್ತವೆ.

ಹಳ್ಳಿ ರಾತ್ರಿ ನಿಶ್ಶಬ್ದ ಅಂದುಕೊಳ್ಳಬೇಡಿ. ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟ್ ಬಂತು. ಸುತ್ತ ಇದ್ದ ತೋಟಗಳ ಮೋಟರ್‌ಗಳೆಲ್ಲ ಒಂದೇ ಸಲ ಶುರು. ಎರಡು ಗಂಟೆ ಏನೂ ಮಾಡಲಾಗದೆ ಕೂತಿದ್ದೆವು. ಮಾರನೇ ದಿನ ಕರೆಂಟ್ ಬರುವ ಹೊತ್ತು ಕೇಳಿಕೊಂಡು ಅದಕ್ಕೆ ಮುಂಚೆ ಮುಗಿಸಿದೆವು. ಫ್ರಿಜ್ ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ, ಖಾಲಿ ಕೋಣೆಯ ಸದ್ದನ್ನೇ ಒಂದು ನಿಮಿಷ ಹಿಡಿದೆವು. ಇದಕ್ಕೆ ರೂಮ್ ಟೋನ್ ಅಂತಾರೆ. ಶಾಟ್‌ಗಳ ನಡುವೆ ಇದನ್ನು ಹಾಸದಿದ್ದರೆ ಕತ್ತರಿಸಿದ ಜಾಗದಲ್ಲಿ ಸದ್ದು ಹಳ್ಳಕ್ಕೆ ಬಿದ್ದ ಹಾಗಾಗುತ್ತೆ. ಹಿಡಿಯುವಾಗ ನಲವತ್ತನೇ ಸೆಕೆಂಡಿಗೆ ಅಜ್ಜಿ ಕೆಮ್ಮಿ "ಆಯ್ತೇನ್ಲಾ?" ಅಂದಳು. ಇನ್ನೊಂದು ಸಲ ಹಿಡಿಯಬೇಕಾಯಿತು.

ಜೀರುಂಡೆ ಸದ್ದು ಬೇರೆಯಾಗಿ ಹಿಡಿದಿಟ್ಟುಕೊಂಡೆವು. ಹತ್ತಿರ ಯಾರಾದರೂ ನಡೆದರೆ ಜೀರುಂಡೆ ಸುಮ್ಮನಾಗುತ್ತೆ, ಇದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಅದಕ್ಕೇ ರಾತ್ರಿ ದೃಶ್ಯದ ಉದ್ದಕ್ಕೂ ಜೀರುಂಡೆ ಇಟ್ಟು, ಅಟ್ಟದ ಮೊದಲ ಸದ್ದಿಗೆ ಮೂರು ಸೆಕೆಂಡು ಮುಂಚೆ ತೆಗೆದುಬಿಟ್ಟೆವು. ಸಂಗೀತ ಹಾಕಲಿಲ್ಲ. ಸಿನಿಮಾ ಹಾಡು, ಹಿನ್ನೆಲೆ ಸಂಗೀತ ತಂದು ಹಾಕಿದರೆ ಕಾಪಿರೈಟ್ ತಲೆನೋವು ಬೇರೆ.

ಎಡಿಟ್ ಮುಗಿಸಿ ಮೊದಲು ತೋರಿಸಿದ್ದು ಅಜ್ಜಿಗೆ. ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ರಾತ್ರಿ ದೃಶ್ಯ ಬಂತು. ಎರಡನೇ ಸಲ ಅಲ್ಲಾಡಿಸಿದ ಸದ್ದು ಕೇಳಿದ ತಕ್ಷಣ ಕೈ ಎತ್ತಿದಳು. "ತಡಿ ತಡಿ. ಅದು ಒಣಗಿಲ್ಲ ಕಣ್ಲಾ. ಅದ್ರಲ್ಲಿ ನೀರದೆ."

ನಾನು ಮತ್ತೆ ಹಾಕಿದೆ. ಹೆಡ್‌ಫೋನ್ ಇಟ್ಟು ಕೇಳಿದೆ. ನಿಜ. ಐದು ಕಾಯಿಗಳಲ್ಲಿ ಒಂದರ ಒಳಗೆ ಸ್ವಲ್ಪ ನೀರು ಉಳಿದಿತ್ತು. ನಾವು ನಾಲ್ಕು ಜನ ಹತ್ತು ಸಲ ಕೇಳಿದ್ದೆವು, ಯಾರಿಗೂ ಗೊತ್ತಾಗಿರಲಿಲ್ಲ. ಅಜ್ಜಿ ಮುಂದುವರಿಸಿದಳು: "ನೀರ್ ಇರೋದ್ನ ನಾನು ಹಗಲೇ ಕೆಳಗೆ ಇಳಿಸಿರ್ತೀನಿ. ಅದು ಅಟ್ಟದಲ್ಲಿ ಹೆಂಗ್ ಬಂತು?"

ಆ ಮಾತು ಕೇಳಿ ಮೈ ಜುಮ್ ಅಂದಿತು. ನಾವು ಹುಡುಕುತ್ತಿದ್ದ ಕೊನೆಯ ಶಾಟ್ ಅದೇ. ಅಲ್ಲಿಯವರೆಗೆ ನಮ್ಮ ಎರಡು ನಿಮಿಷ ಮುಗಿಯುತ್ತಿದ್ದದ್ದು ಅಟ್ಟದಿಂದ ಒಂದು ಕಾಯಿ ಉರುಳಿ ಬೀಳುವುದರಲ್ಲಿ. ಬಿದ್ದ ಸದ್ದಿಗೆ ಬೆಚ್ಚುತ್ತಾರೆ, ಮರೆತೂ ಹೋಗುತ್ತಾರೆ. ಅಜ್ಜಿ ಕೇಳಿದ ಪ್ರಶ್ನೆ ನೋಡುವವರ ಮನಸ್ಸಿನಲ್ಲೇ ಹುಟ್ಟಬೇಕು ಅಂತ ಹಗಲಿನ ದೃಶ್ಯವನ್ನು ಮತ್ತೆ ತೆಗೆದೆವು. ಈಗ ಮೊಮ್ಮಗಳು ಕೇಳುತ್ತಾಳೆ, "ಅಜ್ಜಿ, ನೀರಿರೋದು ಹೆಂಗೆ ಗೊತ್ತಾಗುತ್ತೆ?" ಅಜ್ಜಿ ಎರಡೂ ಕಾಯಿ ಅವಳ ಕಿವಿ ಹತ್ತಿರ ಅಲ್ಲಾಡಿಸುತ್ತಾಳೆ. ಮೊದಲು ಗುಡು ಗುಡು, ಆಮೇಲೆ ಕುಳುಕು. ನೀರಿರೋ ಕಾಯನ್ನೆಲ್ಲ ಬುಟ್ಟಿಗೆ ಹಾಕಿ ಕೆಳಗೆ ಇಳಿಸುತ್ತಾಳೆ. "ಮೇಲೆ ಇರೋದೆಲ್ಲ ಒಣಗಿದ್ದೇ" ಅಂತಾಳೆ. ಈ ದೃಶ್ಯಕ್ಕೆ 35 ಸೆಕೆಂಡು ಕೊಟ್ಟೆವು. ಎರಡು ನಿಮಿಷದಲ್ಲಿ ಇದು ದೊಡ್ಡ ಪಾಲು. ಗೆಳತಿಯೊಬ್ಬಳು ಇಷ್ಟು ಹೊತ್ತು ಭಯದ್ದು ಏನೂ ಇಲ್ಲವಲ್ಲ ಅಂತ ಅಳುಕಿದಳು. ಆದರೆ ಆ ಮನೆಯ ಕಟ್ಟಳೆ ಏನು ಅಂತ ಹಗಲು ತಿಳಿಸದೆ, ಅದು ಮುರಿದದ್ದು ರಾತ್ರಿ ಹೇಗೆ ತಿಳಿಯುತ್ತೆ?

ರಾತ್ರಿ ದೃಶ್ಯದಲ್ಲಿ ಕ್ಯಾಮೆರಾ ಮೊಮ್ಮಗಳ ಮುಖದ ಮೇಲೇ ನಿಲ್ಲುತ್ತೆ. 31 ಸೆಕೆಂಡು ಕಟ್ ಇಲ್ಲ. ಗುಡು ಗುಡು, ಉರುಳಿದ ಸದ್ದು. ಗುಡು ಗುಡು, ಉರುಳಿದ ಸದ್ದು. ಗೆರೆ ಗೆರೆ ಬೆಳಕು ಅವಳ ಹಣೆ ಮೇಲೆ ಒಂದೊಂದೇ ಆರುತ್ತೆ. ಆಮೇಲೆ ಕುಳುಕು. ಸುಮ್ಮನಾಗುತ್ತೆ. ಉರುಳಿಸುವ ಸದ್ದು ಬರೋದೇ ಇಲ್ಲ. ಅವಳು ಪಕ್ಕಕ್ಕೆ ತಿರುಗಿ ಕೆಳಗಿಟ್ಟ ಬುಟ್ಟಿ ನೋಡುತ್ತಾಳೆ. ಬುಟ್ಟಿ ಖಾಲಿ. ಟೈಟಲ್.

ನಟನೆಗೆ ಹೇಳಿಕೊಟ್ಟಿದ್ದು ಒಂದೇ ಮಾತು: ಹೆದರಬೇಡ, ಎಣಿಸು. ಎಷ್ಟನೇ ಕಾಯಿ ಅಂತ ಮನಸ್ಸಿನಲ್ಲಿ ಎಣಿಸುತ್ತಾ ಕೇಳು. ಅವಳ ಮುಖದಲ್ಲಿ ಬಂದ ಆ ಗಮನ ನನಗೆ ಇವತ್ತಿಗೂ ತುಂಬ ಇಷ್ಟ.

ಟೈಟಲ್ "ಅಟ್ಟದ ಮೇಲೆ". ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಟ ಪಕ್ಕ ಟ ಬಂದು ಕೂರುತ್ತಿತ್ತು. ಫಾಂಟ್ ಬದಲಿಸಿ ಬದಲಿಸಿ ಒಂದು ಸಂಜೆ ಹೋಯಿತು. ಇಂಗ್ಲಿಷ್‌ನಲ್ಲಿ ಹಾಕೋಣ ಅಂತ ಒಬ್ಬ ಅಂದ. ನನಗೆ ಮನಸ್ಸಾಗಲಿಲ್ಲ. ಕೊನೆಗೆ ಒಲೆಯ ಇದ್ದಿಲು ತಗೊಂಡು ಸುಣ್ಣದ ಗೋಡೆ ಮೇಲೆ ಕೈಯಲ್ಲೇ ಬರೆದು ಅದನ್ನೇ ಶೂಟ್ ಮಾಡಿದೆವು. ಹೆಸರುಗಳನ್ನೂ ಹಾಗೇ. ಫಾಂಟ್‌ಗಿಂತ ಎಷ್ಟೋ ಚೆನ್ನಾಗಿ ಬಂತು. ಗೋಡೆಗೆ ಆಮೇಲೆ ಸುಣ್ಣ ಹೊಡೆದುಕೊಟ್ಟೆವು.

ಕ್ಲಾಸಿನಲ್ಲಿ ತೋರಿಸುವ ಹಿಂದಿನ ದಿನ ಪ್ರೊಜೆಕ್ಟರ್ ರೂಮಿನಲ್ಲಿ ಒಮ್ಮೆ ಹಾಕಿ ನೋಡಿದ್ದು ಒಳ್ಳೆಯದಾಯಿತು. ರಾತ್ರಿ ದೃಶ್ಯದ ಕೆಳಗೆ ಸಣ್ಣಗೆ 40 ಹರ್ಟ್ಸ್‌ನ ಒಂದು ಗುಂಯ್ ಸದ್ದು ಸೇರಿಸಿದ್ದೆ. ಹೆಡ್‌ಫೋನ್‌ನಲ್ಲಿ ಎದೆ ಅದುರುತ್ತಿತ್ತು. ಅಲ್ಲಿನ ಚಿಕ್ಕ ಸ್ಪೀಕರ್‌ನಲ್ಲಿ ಏನೂ ಕೇಳಿಸಲಿಲ್ಲ. ಅಷ್ಟು ತಗ್ಗಿನ ಸದ್ದನ್ನು ಚಿಕ್ಕ ಸ್ಪೀಕರ್ ಹೊರಡಿಸಲಾರದು. ಅದನ್ನು ತೆಗೆದು ಕಾಯಿ ಸದ್ದನ್ನೇ ಸ್ವಲ್ಪ ಏರಿಸಿದೆ.

ಮಾರನೇ ದಿನ ಕಿಟಕಿ ಮುಚ್ಚಿ, ಲೈಟ್ ಆರಿಸಿ ಹಾಕಿದರು. ಅಜ್ಜಿ ಕಾಯಿ ಆರಿಸುವಾಗ ಹಿಂದಿನ ಬೆಂಚಿನಲ್ಲಿ ಮಾತು ನಡೆಯುತ್ತಿತ್ತು. ಜೀರುಂಡೆ ನಿಂತಾಗ ಮಾತೂ ನಿಂತಿತು. ಕುಳುಕು ಅಂದ ತಕ್ಷಣ ಪಕ್ಕದ ಸಾಲಿನ ಹುಡುಗಿ "ಅಯ್ಯೋ, ನೀರು" ಅಂದಳು. ಅವಳ ಊರು ಪಾವಗಡ ಕಡೆ, ಉಂಡೆ ಕೊಬ್ಬರಿಯ ಅಟ್ಟವನ್ನು ಅವಳು ಯಾವತ್ತೂ ನೋಡಿದವಳಲ್ಲ. ಮೇಡಂ ಲೈಟ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, "ಮುಂದೆ ಏನಾಗುತ್ತೆ?" ಅಂದರು. ಮುಂದಿನದು ನಾವೂ ಬರೆದಿರಲಿಲ್ಲ.

ಆ ಸದ್ದುಗಳೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿವೆ. ಜೂನಿಯರ್‌ಗಳು ಕೇಳಿದರೆ ಕೊಡುತ್ತೇನೆ: ಜೀರುಂಡೆ, ಒಣ ಕಾಯಿ, ನೀರು ಕಾಯಿ, ಮುಸ್ಸಂಜೆಯ ತೋಟ. ಹಾಳಾದ ಆ ರೂಮ್ ಟೋನ್ ಮಾತ್ರ ಯಾರಿಗೂ ಕೊಟ್ಟಿಲ್ಲ. ಒಂದು ನಿಮಿಷದ ಖಾಲಿ ಕೋಣೆ, ನಲವತ್ತನೇ ಸೆಕೆಂಡಿಗೆ ಅಜ್ಜಿಯ ಕೆಮ್ಮು, "ಆಯ್ತೇನ್ಲಾ?"