ಹಳೇ ಸೆಂಟ್‌ಓಎಸ್ 7 ಸರ್ವರ್‌ನಲ್ಲಿ ಪೈಥಾನ್ 3.11: ಶಿರಸಿಯ ಅಡಿಕೆ ಮಂಡಿಯಲ್ಲಿ ನಾನು ಮಾಡಿದ್ದು

"ಆ ಡಬ್ಬಿ ಎಸೆದು ಹೊಸದು ತಗೋ ಮಾರಾಯ" ಅಂತ ಬೆಂಗಳೂರಿನ ಇಬ್ಬರು ಗೆಳೆಯರು ಹೇಳಿದ್ದರು. ಹುಬ್ಬಳ್ಳಿಯ ಅಂಗಡಿಯವರೂ ಅದನ್ನೇ ಹೇಳಿ ಎಪ್ಪತ್ತು ಸಾವಿರದ ಕೊಟೇಶನ್ ಕಳಿಸಿದರು. ಈಗ ಅದೇ ಹಳೇ ಸರ್ವರ್ ಡಬ್ಬಿಯಲ್ಲಿ ಪೈಥಾನ್ 3.11, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 18 ಎರಡೂ ನಾಲ್ಕು ತಿಂಗಳಿಂದ ಒಂದು ದಿನವೂ ನಿಲ್ಲದೆ ಓಡುತ್ತಿವೆ.

ಮಂಡಿಯ ಬಿಲ್ಲಿಂಗ್ ಪ್ರೋಗ್ರಾಮ್ ಹಳೆಯದು. ಬರೆದವರು ಊರು ಬಿಟ್ಟಿದ್ದಾರೆ, ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಓಎಸ್ (ಇಲ್ಲಿ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್) ಬದಲಿಸುವ ಮಾತೇ ಇಲ್ಲ. ಅದರ ಪಕ್ಕದಲ್ಲೇ ಚಾಲಿ, ರಾಶಿ, ಬೆಟ್ಟೆ ಅಡಿಕೆಗಳ ದರವನ್ನು ಸಂಜೆ ರೈತರ ಮೊಬೈಲಿಗೆ ಕಳಿಸುವ ನನ್ನ ಪ್ರೋಗ್ರಾಮ್ ಕೂರಬೇಕಿತ್ತು, ಅದಕ್ಕೇ ಈ ಪೈಥಾನ್, ನೋಡ್. ಮಷಿನ್ನಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್, ಜಿಸಿಸಿ ಕಂಪೈಲರ್ 4.8.5, ಎಲ್ಲ ಪ್ರೋಗ್ರಾಮ್‌ಗಳೂ ನಂಬಿಕೊಂಡಿರುವ ಮೂಲ ಲೈಬ್ರರಿ ಗ್ಲಿಬ್‌ಸಿ 2.17.

ಮೊದಲ ದಿನ ಸಾಫ್ಟ್‌ವೇರ್ ಇಳಿಸಿ ಹಾಕುವ ಯಮ್ ಕೂಡ ನಡೆಯಲಿಲ್ಲ. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಕಾಲ ಮುಗಿದಿತ್ತು, ಎಲ್ಲಿಂದ ಇಳಿಸಬೇಕು ಅಂತ ಹೇಳುವ ಮಿರರ್‌ಲಿಸ್ಟ್ ವಿಳಾಸವೇ ಸಿಗುತ್ತಿರಲಿಲ್ಲ. ರೆಪೋ ಫೈಲುಗಳಲ್ಲಿ ಮಿರರ್‌ಲಿಸ್ಟ್ ಸಾಲು ಮುಚ್ಚಿ, ಬೇಸ್‌ಯುಆರ್‌ಎಲ್ ಅನ್ನು ಹಳೇ ಪ್ಯಾಕೇಜುಗಳ ಉಗ್ರಾಣವಾದ ವಾಲ್ಟ್‌ಗೆ ತಿರುಗಿಸಿದೆ.

ದೊಡ್ಡ ಪೆಟ್ಟು ಬಿದ್ದದ್ದು ನೋಡ್‌ನಿಂದ. ರೆಡಿ ಬೈನರಿ ಹಾಕಿದರೆ ಗ್ಲಿಬ್‌ಸಿ 2.28 ಬೇಕು ಅಂತು. ನಾನು ರಾತ್ರಿ ಹನ್ನೊಂದಕ್ಕೆ ಹೊಸ ಗ್ಲಿಬ್‌ಸಿ ಕಟ್ಟಿ, ಸಿಸ್ಟಮ್‌ನ ಲೈಬ್ರರಿ ಫೋಲ್ಡರ್ ಲಿಬ್64ರಲ್ಲಿ ಲಿಂಕ್ ಬದಲಿಸಿದೆ. ಮುಂದಿನ ಕ್ಷಣ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೂಡ ಓಡಲಿಲ್ಲ. ಕಾಪಿ ಮಾಡುವ ಸಿಪಿ ಇಲ್ಲ, ಜಾಗ ಬದಲಿಸುವ ಎಂವಿ ಇಲ್ಲ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಒಳಗೂ ಬಿಡಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮಂಡಿ ತೆರೆಯಬೇಕು. ಪೆನ್‌ಡ್ರೈವ್‌ನಿಂದ ರೆಸ್ಕ್ಯೂ ಬೂಟ್ ಮಾಡಿ ಹಳೇ ಲಿಂಕ್ ವಾಪಸ್ ಕೂರಿಸುವಾಗ ನಾಲ್ಕು ಗಂಟೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಅವತ್ತಿನಿಂದ ಒಂದೇ ನಿಯಮ: ಸಿಸ್ಟಮ್‌ನ ಗ್ಲಿಬ್‌ಸಿ, ಸಿಸ್ಟಮ್‌ನ ಪೈಥಾನ್ 2.7, ಎರಡನ್ನೂ ಮುಟ್ಟುವುದಿಲ್ಲ. ಯಮ್ ನಡೆಯುವುದೇ ಆ 2.7ರ ಮೇಲೆ. ನನ್ನದೆಲ್ಲ ಆಪ್ಟ್ ಫೋಲ್ಡರ್ ಒಳಗೆ, ಬೇರೆ ಮನೆ, ಬೇರೆ ಒಲೆ.

ಪೈಥಾನ್ ಅನ್ನು ಸೋರ್ಸ್‌ನಿಂದ ಮೂರು ಸಲ ಕಟ್ಟಿದೆ. ಮೊದಲ ಸಲ ಆಪ್ಟಿಮೈಸೇಶನ್ ಆನ್ ಮಾಡಿದ್ದಕ್ಕೆ 'ರನ್‌ಪೈ ಮಾಡ್ಯೂಲ್ ಸಿಗಲಿಲ್ಲ' ಅಂತ ನಿಂತಿತು. ತಪ್ಪು ಪೈಥಾನ್‌ದಲ್ಲ, ಹಳೇ ಜಿಸಿಸಿಯದು. ಹೊಸ ಜಿಸಿಸಿ ಇರುವ ಡೆವ್‌ಟೂಲ್‌ಸೆಟ್ 11 ಅನ್ನು ವಾಲ್ಟ್‌ನಿಂದಲೇ ಹಾಕಿದೆ, ಆ ತೊಂದರೆ ಹೋಯಿತು. ಎರಡನೇ ಸಲ ಎಲ್ಲ ಮುಗಿದ ಮೇಲೆ ಪೈಥಾನ್ ಪ್ಯಾಕೇಜು ಇಳಿಸುವ ಪಿಪ್ ಏನನ್ನೂ ಇಳಿಸಲಿಲ್ಲ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲ್ ಮಾಡ್ಯೂಲೇ ಕಟ್ಟಿರಲಿಲ್ಲ. 3.10ರಿಂದ ಪೈಥಾನ್‌ಗೆ ಓಪನ್‌ಎಸ್‌ಎಸ್‌ಎಲ್ 1.1.1 ಬೇಕು, ಇಲ್ಲಿದ್ದದ್ದು 1.0.2. 1.1.1 ಅನ್ನು ಆಪ್ಟ್ ಒಳಗೇ ಬೇರೆಯಾಗಿ ಕಟ್ಟಿ, ಕಾನ್ಫಿಗರ್‌ಗೆ ಅದರ ದಾರಿ ತೋರಿಸಿ, ಓಡುವಾಗಲೂ ಅದನ್ನೇ ಹುಡುಕಲಿ ಅಂತ ಆರ್‌ಪಾತ್ ಆಟೋ ಕೊಟ್ಟೆ. ಲಿಬ್‌ಎಫ್‌ಎಫ್‌ಐ ಡೆವೆಲ್ ಮರೆಯಬೇಡಿ, ಇಲ್ಲದಿದ್ದರೆ ಸಿ ಲೈಬ್ರರಿಗಳನ್ನು ಕರೆಯುವ ಸಿಟೈಪ್ಸ್ ಮಾಡ್ಯೂಲ್ ಇರುವುದಿಲ್ಲ. ಮೂರನೇ ಸಲ ಸುಮಾರು ನಲವತ್ತು ನಿಮಿಷದಲ್ಲಿ ಎದ್ದು ನಿಂತಿತು.

ಆದರೂ ಮರುದಿನ ಪಿಪ್ ಮತ್ತೆ ಸರ್ಟಿಫಿಕೇಟ್ ತಪ್ಪು ಅಂತು. ಅರ್ಧ ದಿನ ಓಪನ್‌ಎಸ್‌ಎಸ್‌ಎಲ್ ಮೇಲೇ ಅನುಮಾನ. ಕೊನೆಗೆ ಸುಮ್ನೆ ಡೇಟ್ ಅಂತ ಹೊಡೆದೆ. 2012ರ ಜನವರಿ ತೋರಿಸಿತು! ರಾತ್ರಿ ಕರೆಂಟ್ ಹೋಗಿತ್ತು, ಯುಪಿಎಸ್ ಬ್ಯಾಟರಿ ಕೂತಿತ್ತು, ಬೋರ್ಡಿನ ಸೆಲ್ ಸತ್ತಿತ್ತು, ನೆಟ್ ಬರುವ ಮೊದಲೇ ಮಷಿನ್ ಎದ್ದು ಗಡಿಯಾರ ಸರಿಯಾಗಿರಲಿಲ್ಲ. ಆ ತಾರೀಖಿಗೆ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿರಲಿಲ್ಲ. ಮುಚ್ಚಳ ತೆಗೆದರೆ ಸೆಲ್ಲಿನ ಸುತ್ತ ಹಸಿರು ಕಿಲುಬು. ಮಳೆಗಾಲದ ತೇವ ಅಂದರೆ ಹಾಗೆ. ವಾಚ್ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಆರ್2032 ತಂದು ಹಾಕಿದೆ. ನಮ್ಮ ಕಡೆ ಸರ್ವರ್ ನೋಡಲು ಹೋದರೆ ಮೊದಲು ಗಡಿಯಾರ ನೋಡಿ.

ನೋಡ್ ಅನ್ನು ಸೋರ್ಸ್‌ನಿಂದ ಕಟ್ಟಿದೆ. ಒಟ್ಟಿಗೆ ನಾಲ್ಕು ಜಾಬ್ ಕೊಟ್ಟರೆ ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರ್ ಅನ್ನು ಕೊಲ್ಲುತ್ತಿತ್ತು. ಡಿಸ್ಕ್ ಅನ್ನೇ ಮೆಮೊರಿಯಾಗಿ ಬಳಸುವ 4 ಜಿಬಿ ಸ್ವಾಪ್ ಫೈಲ್ ಮಾಡಿ, ಒಂದೇ ಜಾಬ್ ಕೊಟ್ಟು ಮನೆಗೆ ಹೋದೆ. ಏಳೆಂಟು ಗಂಟೆ ಹಿಡಿಯಿತು. ಆಮೇಲೆ ಗೊತ್ತಾಯಿತು, ನೋಡ್‌ನವರ ಅನಫಿಶಿಯಲ್ ಬಿಲ್ಡ್‌ಗಳಲ್ಲಿ ಗ್ಲಿಬ್‌ಸಿ 2.17ಕ್ಕೆಂದೇ ಕಟ್ಟಿದ್ದು ಸಿಗುತ್ತದೆ. ಎರಡನ್ನೂ ಓಡಿಸಿ ನೋಡಿದೆ, ನಮ್ಮ ಕೆಲಸಕ್ಕೆ ವ್ಯತ್ಯಾಸ ಕಾಣಲಿಲ್ಲ. ಪ್ರೋಗ್ರಾಮ್ ಅನ್ನು ಬೇಕಾದ ಲೈಬ್ರರಿಗಳ ಸಮೇತ ಪೊಟ್ಟಣ (ಇಮೇಜ್) ಮಾಡಿ ಓಡಿಸುವ ಡಾಕರ್ ಕೂಡ ಎರಡು ದಿನ ನೋಡಿದೆ. ಹೊಸ ಇಮೇಜುಗಳು ಈ ಹಳೇ ಕರ್ನಲ್ ಮೇಲೆ ತಕರಾರು ಮಾಡಿದವು, ಬಿಟ್ಟೆ.

ಖರ್ಚು ಹೇಳುತ್ತೇನೆ. ಯುಪಿಎಸ್ ಬ್ಯಾಟರಿ ಒಂಬತ್ತು ಸಾವಿರದ ಆಸುಪಾಸು, ಸೆಲ್ ನಲವತ್ತು, ಪೆನ್‌ಡ್ರೈವ್ ಐನೂರು. ನನ್ನ ಕೂಲಿ ಆರು ಸಾವಿರ, ಹನ್ನೊಂದು ದಿನಕ್ಕೆ ಅದು ಕಡಿಮೆಯೇ. ಆದರೂ ಎಪ್ಪತ್ತು ಸಾವಿರದ ಹೊಸ ಮಷಿನ್ ತಪ್ಪಿದ್ದು ಮಂಡಿಯವರಿಗೆ ಗೊತ್ತು. ಐದನೇ ದಿನ "ತಮಾ, ಹೊಸ್ದೇ ತಗಂಬನ ಬಿಡು" ಅಂದವರೇ ಈಗ ಬೇರೆಯವರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಇಡೀ ಆಪ್ಟ್ ಫೋಲ್ಡರನ್ನು ಟಾರ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ. ಇನ್ನೊಂದು ಸೆಂಟ್‌ಓಎಸ್ 7 ಮೇಲೆ ಅದೇ ಜಾಗದಲ್ಲಿ ಬಿಚ್ಚಿದರೆ ಸಾಕು. ಕರೆಂಟ್ ಹೋಗಿ ಬಂದಾಗ ಎಲ್ಲ ತಾನಾಗಿಯೇ ಸರಿಯಾದ ಕ್ರಮದಲ್ಲಿ ಏಳುವ ಹಾಗೆ ಬರೆದ ಸಣ್ಣ ಸ್ಕ್ರಿಪ್ಟ್ ಒಂದಿದೆ, ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಸಿದ್ದಾಪುರದ ಮಷಿನ್ ಹೋದ ತಿಂಗಳು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಈ ಶನಿವಾರ ಕುಮಟಾಕ್ಕೆ ಘಟ್ಟ ಇಳಿಯುತ್ತಿದ್ದೇನೆ, ಜೇಬಿನಲ್ಲಿ ಎರಡು ಸಿಆರ್2032 ಇಟ್ಟುಕೊಂಡು.