ಸ್ಕೋರ್ ಇರಲಿ, ಎನ್‌ಕ್ವೈರಿ ಪುಟ ನೋಡಿ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸಾಲದ ಮಾತು ಬಂದರೆ ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಸಿಬಿಲ್ ಎಷ್ಟಿದೆ?’ 300ರಿಂದ 900ರ ನಡುವಿನ ಆ ಅಂಕಿ ಚೆನ್ನಾಗಿದ್ದರೆ ಸಮಾಧಾನ, ಇಲ್ಲವಾದರೆ ತಲೆಬಿಸಿ. ಆದರೆ ಸಿಬಿಲ್ ಎಂಬ ಕ್ರೆಡಿಟ್ ಮಾಹಿತಿ ಕಂಪನಿ ನಮ್ಮ ಸಾಲಗಳ ಬಗ್ಗೆ ಇಟ್ಟಿರುವ ವರದಿಯನ್ನು ಯಾರು ಯಾರು ತೆಗೆದು ನೋಡಿದ್ದಾರೆ ಎಂದು ಕೇಳುವವರು ಅಪರೂಪ. ಅದಕ್ಕೆ ಉತ್ತರವೂ ಅದೇ ವರದಿಯ ಕೊನೆಯಲ್ಲಿ, ಎನ್‌ಕ್ವೈರಿ ಎಂಬ ಭಾಗದಲ್ಲಿರುತ್ತದೆ.

ನನ್ನ ವರದಿಯ ಎನ್‌ಕ್ವೈರಿ ಭಾಗದಲ್ಲಿ ಮನೆ ಸಾಲ ಕೊಟ್ಟ ಬ್ಯಾಂಕಿನ ಹೆಸರಿತ್ತು, ಬೈಕ್ ಕೊಂಡಾಗಿನ ಫೈನಾನ್ಸ್ ಇತ್ತು. ಅವುಗಳ ಮೇಲೆ ನಾನು ಹೆಸರೇ ಕೇಳಿರದ ಒಂದು ಸಾಲ ಸಂಸ್ಥೆ. ಉದ್ದೇಶ: ವೈಯಕ್ತಿಕ ಸಾಲ. ಪಕ್ಕದಲ್ಲಿ ಮೊತ್ತ, ದಿನಾಂಕ. ದಿನಾಂಕ ನೋಡಿದರೆ ಶರಣಬಸವೇಶ್ವರ ಜಾತ್ರೆಯ ವಾರ. ಮನೆ ತುಂಬ ನೆಂಟರಿದ್ದ ಆ ದಿನಗಳಲ್ಲಿ ಸಾಲಕ್ಕೆ ಅರ್ಜಿ ಹಾಕುವ ಪುರಸೊತ್ತು ಯಾರಿಗಿತ್ತು!

ನಮ್ಮ ವರದಿಯನ್ನು ನಾವೇ ತೆಗೆದರೆ ಸ್ಕೋರ್ ಇಳಿಯುವುದಿಲ್ಲ. ಆ ಭಯ ಬೇಡ. ಸಾಲದ ಅರ್ಜಿಗೆಂದು ಸಂಸ್ಥೆಯೊಂದು ತೆಗೆದರೆ ಮಾತ್ರ ಅದು ದಾಖಲಾಗುತ್ತದೆ. ಅಂಥ ದಾಖಲೆ ಸಾಲುಸಾಲಾಗಿ ಬಿದ್ದರೆ, ಈತ ಕಂಡಕಂಡಲ್ಲಿ ಸಾಲ ಕೇಳುತ್ತಿದ್ದಾನೆ ಎಂದು ಬ್ಯಾಂಕಿನವರು ಲೆಕ್ಕ ಹಾಕುತ್ತಾರೆ. ಅಧಿಕಾರವಿಲ್ಲದೆ ಸಾಲದ ಮಾಹಿತಿ ನೋಡುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಅಪರಾಧ.

ಸಿಬಿಲ್ ಜಾಲತಾಣದಲ್ಲೇ ತಕರಾರು ದಾಖಲಿಸಿದೆ. ಇದಕ್ಕೆ ಶುಲ್ಕವಿಲ್ಲ. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಸಂಸ್ಥೆಗೂ ಬೇರೆಯಾಗಿ ಮೇಲ್ ಬರೆದು, ನನ್ನ ಒಪ್ಪಿಗೆಯ ದಾಖಲೆ ತೋರಿಸಿ ಎಂದು ಕೇಳಿದೆ. ಈ ಒಂದು ಸಾಲಿಗೆ ಇರುವ ತೂಕ ಎರಡು ಪುಟದ ಗೋಳಿಗಿಲ್ಲ. ಅರ್ಜಿ ಆ್ಯಪ್ ಮೂಲಕ ಬಂದಿತ್ತು, ಪ್ಯಾನ್ ನನ್ನದು, ಮೊಬೈಲ್ ಸಂಖ್ಯೆ ಮಾತ್ರ ಬೇರೆಯವರದು ಎಂಬ ಉತ್ತರ ಬಂತು. ಮುಂದೆ ಆ ಎನ್‌ಕ್ವೈರಿಯನ್ನು ತೆಗೆದುಹಾಕಿದರು. ಹಾಗೆ ಆಗದಿದ್ದಲ್ಲಿ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗುತ್ತಿದ್ದೆ; 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಆ ವ್ಯವಸ್ಥೆಯೊಳಗೆ ಬಂದಿವೆ.

ಪ್ಯಾನ್ ಹೊರಗೆ ಹೋದದ್ದು ಎಲ್ಲಿಂದ ಎಂದು ಖಚಿತವಾಗಿ ಹೇಳಲಾರೆ. ಆದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಒಮ್ಮೆ ಗಮನಿಸಿ ನೋಡಿ. ಪ್ರಿಂಟ್‌ಗೆಂದು ಜನ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸಿದ ಆಧಾರ್, ಪ್ಯಾನ್, ಪಾಸ್‌ಬುಕ್ ಎಲ್ಲವೂ ಡೌನ್‌ಲೋಡ್ ಫೋಲ್ಡರಿನಲ್ಲಿ ಹಾಗೇ ಬಿದ್ದಿರುತ್ತವೆ. ಅಂಗಡಿಯವನು ನಮ್ಮ ಕಡತ ಹುಡುಕಲು ಪರದೆ ಜಾರಿಸುವಾಗ ಊರಿನವರ ಮುಖಗಳೆಲ್ಲ ಮೇಲೆ ಕೆಳಗೆ ಓಡಾಡುತ್ತವೆ. ಅಂಗಡಿಯವನಿಗೆ ದುರುದ್ದೇಶ ಇರಬೇಕೆಂದೇನೂ ಇಲ್ಲ; ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು. ಈಗ ನಾನು ಪ್ರಿಂಟ್ ಆದ ಕೂಡಲೇ ನಿಂತು ಅಳಿಸಿಸುತ್ತೇನೆ. ಮುಖ ಸಿಂಡರಿಸಿದರೂ ಅಳಿಸುತ್ತಾರೆ. ಕೊಡುವ ಪ್ರತಿಯ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅಕ್ಷರಗಳ ಮೇಲೆಯೇ ಹಾಯುವಂತೆ ಪೆನ್ನಿನಲ್ಲಿ ಬರೆಯುತ್ತೇನೆ. ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಬೆರಳಚ್ಚಿಗೂ ಬೀಗ ಹಾಕಿದ್ದೇನೆ. ಆಧಾರ್ ಜಾಲತಾಣದಲ್ಲಿ ಅದಕ್ಕೆ ಅವಕಾಶವಿದೆ.

ಅಮೆರಿಕದಲ್ಲಿ ಹೊಸ ಸಾಲಕ್ಕೆಂದು ಯಾರೂ ತೆಗೆಯದಂತೆ ಕ್ರೆಡಿಟ್ ವರದಿಗೇ ಬೀಗ ಹಾಕಿಸಬಹುದು, 2018ರಿಂದ ಅದು ಅಲ್ಲಿ ಉಚಿತ. ಅಂಥ ಹಕ್ಕನ್ನು ನಮ್ಮ ಕಾನೂನು ಇನ್ನೂ ಕೊಟ್ಟಿಲ್ಲ. ನಮಗಿರುವುದು ಎಚ್ಚರಿಕೆಯ ಸಂದೇಶ: ಸಾಲ ಸಂಸ್ಥೆ ವರದಿ ತೆಗೆದಾಗ ನಮಗೆ ಎಸ್‌ಎಂಎಸ್ ಅಥವಾ ಮೇಲ್ ಬರಬೇಕು. ನನಗೇಕೆ ಬರಲಿಲ್ಲ ಎಂಬುದು ವರದಿಯ ಸಂಪರ್ಕ ವಿವರದಲ್ಲಿ ತಿಳಿಯಿತು. ಅಲ್ಲಿದ್ದದ್ದು ನಾನು ಎಂದೋ ಬಿಟ್ಟ ಸಂಖ್ಯೆ. ಬಿಟ್ಟ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ನನ್ನ ಎಚ್ಚರಿಕೆಯೆಲ್ಲ ಯಾವ ಅಪರಿಚಿತನ ಮೊಬೈಲ್‌ಗೆ ಹೋಗುತ್ತಿತ್ತೋ. ಬ್ಯಾಂಕ್, ಫೈನಾನ್ಸ್ ಎರಡೂ ಕಡೆ ಸಂಖ್ಯೆ ಬದಲಿಸಿದೆ. ವರದಿ ತಾನಾಗಿಯೇ ಸರಿಹೋಗುವುದಿಲ್ಲ, ಸಾಲ ಕೊಟ್ಟವರು ಕಳಿಸಿದ ವಿವರವೇ ಅಲ್ಲಿ ಸೇರುತ್ತದೆ.

ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯುವುದು ವ್ಯರ್ಥ. ತೊಗರಿ ರಾಶಿಯ ಜನವರಿಯಲ್ಲಿ ಒಂದು, ಆಮೇಲೆ ಮೂರು ತಿಂಗಳಿಗೊಂದರಂತೆ ತೆಗೆಯುತ್ತೇನೆ. ‘ಉಚಿತ ಸ್ಕೋರ್’ ತೋರಿಸುವ ಆ್ಯಪ್‌ಗಳ ಗೋಜಿಗೆ ಹೋಗುವುದಿಲ್ಲ. ಅಲ್ಲಿ ಟಿಕ್ ಮಾಡುವ ಚೌಕದಲ್ಲಿ ವರದಿ ತೆಗೆಯುವ ಒಪ್ಪಿಗೆಯೂ ಸೇರಿರುತ್ತದೆ. ಸಿಬಿಲ್ ಸರಿಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಗೂ ವರದಿ ಕಳಿಸುವುದಿಲ್ಲ. ಪ್ಯಾನ್, ಹುಟ್ಟಿದ ದಿನ, ವಿಳಾಸ, ಖಾತೆಗಳು ಎಲ್ಲವೂ ಒಂದೇ ಕಡತದಲ್ಲಿ ಸಿಗುವಾಗ ಕಳ್ಳನಿಗೆ ಇನ್ನೇನು ಬೇಕು?

ಕಳೆದ ಸಲ ಮನೆಯವಳ ವರದಿಯನ್ನೂ ತೆಗೆಸಿದೆ. ಮಹಿಳಾ ಸಂಘದ ಸಾಲಕ್ಕೆಂದು ಮನೆ ಬಾಗಿಲಿಗೆ ಬರುವ ಹುಡುಗರು ಆಧಾರ್ ಫೋಟೊ ತೆಗೆದುಕೊಂಡು, ಮೊಬೈಲ್‌ಗೆ ಬಂದ ಒಟಿಪಿ ಕೇಳುತ್ತಾರೆ. ಅವಳ ವರದಿ ಸ್ವಚ್ಛವಾಗಿತ್ತು. ಸಂದೇಶವನ್ನು ಪೂರ್ತಿ ಓದಿ, ಯಾವುದಕ್ಕೆ ಎಂದು ಕೇಳದೆ ಅವಳು ಈಗ ಒಟಿಪಿ ಹೇಳುವುದಿಲ್ಲ. ಓಣಿಯ ಹೆಂಗಸರಿಗೂ ಅದನ್ನೇ ಹೇಳಿಕೊಡುತ್ತಿದ್ದಾಳೆ.